ಪೆಟ್ಟಿಗೆ ಸಾಹೇಬರು

ಅಲ್ಲಾಡಿಸಿದಾಗ ಸದ್ದಾಯಿತು.

ಅವನು ದೂರು ಪೆಟ್ಟಿಗೆಯನ್ನು ಇನ್ನೊಮ್ಮೆ ಅಲ್ಲಾಡಿಸಿದ. ಹೌದು, ಒಳಗೊಂದು ಕಾಗದ. ನಾಲ್ಕು ವರ್ಷಗಳಿಂದ ಪ್ರತಿ ಶುಕ್ರವಾರ ಇಬ್ಬರು ಸಾಕ್ಷಿಗಳ ಮುಂದೆ ಬೀಗ ತೆಗೆದು, 'ದೂರುಗಳಿಲ್ಲ' ಎಂದು ಪುಸ್ತಕದಲ್ಲಿ ಬರೆದು, ಮೂವರೂ ಸಹಿ ಹಾಕಿ ಚಹಾ ಕುಡಿಯುತ್ತಿದ್ದರು. ಸಾಕ್ಷಿಗಳು ಬರುವ ಮೊದಲು ಅಲ್ಲಾಡಿಸಿ ನೋಡುವುದು ನಿಯಮದಲ್ಲಿರಲಿಲ್ಲ. ಅದು ಅವನ ಚಟ.

ಕಟ್ಟಡಗಳ ಗಟ್ಟಿತನ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕಂಪನಿ ಅದು. ಅವನು ಹಿರಿಯ ಇಂಜಿನಿಯರ್, ಅದರ ಜೊತೆಗೆ ಸಿಬ್ಬಂದಿಯ ದೂರು ನೋಡುವ ನೀತಿ ಅಧಿಕಾರಿ. 'ಹೆಸರು ಬೇಡ, ಹೆದರಿಕೆ ಬೇಡ' ಎಂದು ಪೆಟ್ಟಿಗೆಯ ಮೇಲೆ ಬರೆಸಿದವನೂ ಅವನೇ. ಬೆನ್ನ ಹಿಂದೆ ಜನ ಪೆಟ್ಟಿಗೆ ಸಾಹೇಬರು ಎನ್ನುತ್ತಿದ್ದರು.

ಸಾಕ್ಷಿಗಳು ಬರಲು ಇನ್ನೂ ಹೊತ್ತಿತ್ತು. ಬೀಗ ತೆಗೆದ.

'ಶಾಲೆಯ ಮೆಟ್ಟಿಲಿನ ಅಡಿಯಲ್ಲಿ ಬಿರುಕಿದೆ. ನನ್ನ ವರದಿಯಲ್ಲಿ ಬರೆದಿದ್ದೆ. ಕೊನೆಯ ಪ್ರತಿಯಲ್ಲಿ ಆ ಸಾಲಿಲ್ಲ. ಸೋಮವಾರ ಶಾಲೆ ಶುರು.'

ಹೆಸರಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ನಕ್ಷೆ ಬರೆಯುವವರ ನೆಟ್ಟಗಿನ ಅಕ್ಷರ. ಶಾಲೆಯನ್ನು ನೋಡಿ ಬಂದಿದ್ದ ನಕ್ಷೆ ವಿಭಾಗದ ಹುಡುಗಿಗೆ, ಪಕ್ಕದಲ್ಲಿ ಕೂತು ಅದನ್ನು ತಿದ್ದಿಸಿದವನು ಅವನು. ಕೊನೆಯ ಪ್ರತಿಗೆ, ಓದದೆ, ಸಹಿ ಹಾಕಿದವನೂ ಅವನೇ.

ಕಾಗದವನ್ನು ವಾಪಸ್ ಹಾಕಿ ಬೀಗ ಜಡಿದಿದ್ದರೆ ಸಾಕಿತ್ತು. ಉಳಿದದ್ದನ್ನು ನಿಯಮ ನೋಡಿಕೊಳ್ಳುತ್ತಿತ್ತು. ಅವನು ಕಾಗದವನ್ನು ಜೇಬಿಗೆ ಹಾಕಿಕೊಂಡು, ಖಾಲಿ ಪೆಟ್ಟಿಗೆಗೆ ಬೀಗ ಜಡಿದು, ಯಜಮಾನರ ಕೋಣೆಗೆ ಹೋದ.

ಯಜಮಾನರು ಓದಿ ಕನ್ನಡಕ ತೆಗೆದರು. "ಯಾರು?"

"ಹೆಸರಿಲ್ಲ ಸರ್."

"ನಾನು ಹೆಸರು ಕೇಳಿದ್ನಾ? ಅಕ್ಷರ ಯಾರ್ದು?"

"ಮೆಟ್ಟಿಲು ಇನ್ನೊಂದ್ಸಲ ನೋಡಿ ಬಂದ್ರೆ..."

"ಹೋಗಿ ಬನ್ನಿ. ಬಂದು ಏನಂತ ಬರೀತೀರಿ? ಸಹಿ ಹಾಕೋವಾಗ ಕಣ್ಣು ಕಾಣ್ತಿರ್ಲಿಲ್ಲ ಅಂತಾನಾ?"

ಅವನು ನಕ್ಕ. ಯಾಕೆ ನಕ್ಕೆನೆಂದು ಅವನಿಗೇ ತಿಳಿಯಲಿಲ್ಲ.

"ನಕ್ಷೆ ವಿಭಾಗದವಳಾ?"

ಇಲ್ಲ ಎನ್ನಬಹುದಿತ್ತು. ಅಷ್ಟು ಚಿಕ್ಕ ಮಾತು. ಅವನು ನೆಲ ನೋಡಿದ.

"ಸರಿ ಬಿಡಿ," ಎಂದು ಯಜಮಾನರು ಕಾಗದವನ್ನು ಡ್ರಾಯರಿಗೆ ತಳ್ಳಿದರು. "ನಿಮ್ಮ ಸಾಕ್ಷಿಗಳು ಕಾಯ್ತಿರ್ತಾರೆ."

ಕಾಯುತ್ತಿದ್ದರು. ಮುದಿ ಗುಮಾಸ್ತ, ಪಕ್ಕದಲ್ಲಿ ಅವಳು. ಸಾಕ್ಷಿಗಳ ಸರದಿಯ ಪಟ್ಟಿ ಬರೆದದ್ದು ತಾನೇ ಎಂಬುದು ಅವನಿಗೆ ಆಗ ನೆನಪಾಯಿತು. ತನ್ನ ಸರದಿಯ ವಾರ ನೋಡಿಯೇ ಅವಳು ಕಾಗದ ಹಾಕಿದ್ದಳು.

ಅವರ ಮುಂದೆ ಮತ್ತೆ ಬೀಗ ತೆಗೆದ.

ಅವಳು ಬಗ್ಗಿ ನೋಡಿದಳು. ಮಣಿಕಟ್ಟಿನವರೆಗೆ ಕೈ ಹಾಕಿ ನಾಲ್ಕೂ ಮೂಲೆ ಸವರಿದಳು.

"ಏನಮ್ಮಾ, ಕೋಳಿ ಮೊಟ್ಟೆ ಇಟ್ಟಿದೆಯಾ ನೋಡ್ತಿದೀಯಾ?" ಗುಮಾಸ್ತ ಕೇಳಿದ. "ನೀನೇ ಬರಿ ತಾಯಿ. ನಿನ್ನಕ್ಷರ ಚೆಂದ."

ಅವಳು ಬರೆದಳು. ದೂರುಗಳಿಲ್ಲ. ಅದೇ ನೆಟ್ಟಗಿನ ಅಕ್ಷರ. ಗುಮಾಸ್ತ ಸಹಿ ಹಾಕಿ ಚಹಾ ತರಲು ಹೋದ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಸರ್, ಇವತ್ತು ಅಲ್ಲಾಡಿಸಿ ನೋಡಿದ್ರಾ?"

ಅವಳಿಗೆ ಗೊತ್ತಿತ್ತು. ಬಹುಶಃ ಎಲ್ಲರಿಗೂ ಗೊತ್ತಿತ್ತು.

"ಇಲ್ಲಮ್ಮ."

"ಹೌದಾ," ಎಂದಳು. ಸಹಿ ಹಾಕದೆ ಹೋದಳು.

ಹೊರಗೆ ಮೆಟ್ಟಿಲಿಳಿಯುವ ಅವಳ ಹೆಜ್ಜೆ ಕೇಳುತ್ತಿತ್ತು. ಒಂದೊಂದನ್ನೂ ಎಣಿಸಿದ. ಹದಿಮೂರಕ್ಕೆ ಸದ್ದು ನಿಂತಿತು. ಮೆಟ್ಟಿಲು ಮುಗಿಯಿತೋ, ಅವಳೇ ನಡುವೆ ನಿಂತಳೋ. ಆರು ವರ್ಷ ಹತ್ತಿಳಿದರೂ ಅಲ್ಲಿ ಎಷ್ಟು ಮೆಟ್ಟಿಲಿವೆಯೆಂದು ಅವನಿಗೆ ತಿಳಿದಿರಲಿಲ್ಲ. ಖಾಲಿ ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಮತ್ತೆ ಅಲ್ಲಾಡಿಸಿದ.