ತಂಬಿಗೆಯ ನೀರು ಚೆಲ್ಲಲಿಲ್ಲ

ಎತ್ತುಗಳನ್ನು ಮಾರಿ ಹಳೆಯ ಕಾರು ಕೊಂಡ ಮೇಲೂ ಅಪ್ಪ ಸೋಮವಾರದ ನೇಮ ಬಿಡಲಿಲ್ಲ. ಸೋಮವಾರ ಬಸವಣ್ಣನ ದಿನ, ಅಂದು ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂದು ಚಿಕ್ಕಂದಿನಲ್ಲಿ ಅವರಿಗೆ ಕಲಿಸಿದವಳು ಅವರ ತಾಯಿ, ನಮ್ಮ ಆಯಿ ತಂಗೆವ್ವ. ಎತ್ತು ಕಟ್ಟುತ್ತಿದ್ದ ತಗಡಿನ ಶೆಡ್ಡಿನಲ್ಲಿ ಈಗ ಕಾರು ನಿಲ್ಲುತ್ತದೆ. ಸೋಮವಾರ ಅಪ್ಪ ಅದರ ಮೈ ಒರೆಸಿ, ಬಾನೆಟ್ಟಿಗೆ ವಿಭೂತಿ ಹಚ್ಚಿ, ಕೀಲಿಕೈಯನ್ನು ದೇವರ ಜಗಲಿಯ ಮೇಲಿಟ್ಟು ಬರುತ್ತಾರೆ.

"ಒಂದೀಟು ಹಿಂಡಿನೂ ಇಡ್ರಿ ಕಾಕಾ, ಹಸದಿದ್ದೀತು" ಎಂದು ಪಕ್ಕದ ಮನೆಯ ಕಲ್ಮೇಶ ಕಾಡುತ್ತಿದ್ದ. ಅಪ್ಪ ನಗುತ್ತಿದ್ದರು, ನೇಮ ಮಾತ್ರ ಬಿಡುತ್ತಿರಲಿಲ್ಲ.

ಆ ಕಾರು ನಿಂತಲ್ಲೇ ನಡುಗುತ್ತಿತ್ತು. ಎಂಜಿನ್ನಿನ ಅದುರು ಕಾರಿನ ಮೈಗೆ ಬಾರದಂತೆ ನಡುವೆ ಕೂರಿಸುವ ಮೌಂಟಿಂಗುಗಳು, ಅಂದರೆ ಕಬ್ಬಿಣದ ಬಳೆಯೊಳಗೆ ರಬ್ಬರ್ ತುಂಬಿದ ತುಂಡುಗಳು, ಹರಿದುಹೋಗಿದ್ದವು. ನಮಗದು ರೂಢಿಯಾಗಿತ್ತು. ಆದರೆ ಸೊಂಟದ ಎಲುಬು ಮುರಿದು ಕೂಡಿದ ಮೇಲೆ ಆಯಿ ಆ ಕಾರಿನಲ್ಲಿ ಬೈಲಹೊಂಗಲ ದಾಟಲಾರದಾದಳು. ಬಸ್ಸಿನ ಮೆಟ್ಟಿಲಂತೂ ದೂರದ ಮಾತು.

ಬೈಲಹೊಂಗಲದಾಚೆ ದೂರದ ಸುರೇಬಾನದಲ್ಲಿ ಅವಳ ಅಕ್ಕ ನೀಲವ್ವ ಹಾಸಿಗೆ ಹಿಡಿದಿದ್ದಳು. ನೀಲವ್ವನಿಗೆ ಕಿವಿ ಕೇಳುತ್ತಿರಲಿಲ್ಲ. ತಂಗಿಯ ಗದ್ದ ಹಿಡಿದು, ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಮೊಬೈಲಿನಲ್ಲಿ ಮುಖ ತೋರಿಸಿದರೆ ಇಬ್ಬರೂ ಅಳುತ್ತಿದ್ದರೇ ಹೊರತು ಮಾತು ಸಾಗುತ್ತಿರಲಿಲ್ಲ. ಬಾಡಿಗೆ ಕಾರು ಮಾಡೋಣವೆಂದು ಕಲ್ಮೇಶ ಹೇಳಿ ನೋಡಿದ. ತಮ್ಮ ತಾಯಿಯನ್ನು ತಮ್ಮ ಗಾಡಿಯಲ್ಲೇ ಒಯ್ಯುವುದಾಗಿ ಅಪ್ಪ ಹೇಳಿದರು.

ಆ ಹಳೆಯ ಮಾದರಿಯ ಮೌಂಟಿಂಗ್ ಅಂಗಡಿಗಳಲ್ಲಿ ಸಿಗಲಿಲ್ಲ. ಅಪ್ಪ ತಾವೇ ಮಾಡಲು ಕುಳಿತರು. ಎಂಜಿನ್ನಿನ ಕೆಳಗೆ ಜಾಕು, ಅದರ ಮೇಲೆ ಕಟ್ಟಿಗೆಯ ತುಂಡು ಕೊಟ್ಟು ಭಾರ ಎತ್ತಿ ಹಳೆಯವನ್ನು ಬಿಚ್ಚಿದರು. ಸತ್ತ ರಬ್ಬರನ್ನು ಚಾಕುವಿನಿಂದ ಕೆತ್ತಿ ತೆಗೆದು, ಬಳೆಗಳನ್ನು ಪೆಟ್ರೋಲಿನಲ್ಲಿ ತೊಳೆದು, ಅಂಟು ಹಿಡಿಯಲೆಂದು ಒಳಮೈಯನ್ನು ಅರದಿಂದ ಉಜ್ಜಿದರು. ಟ್ರ್ಯಾಕ್ಟರಿನ ಹರಿದ ಟಾಯರಿನಿಂದ ತುಂಡು ಕತ್ತರಿಸಿ ಬೋಲ್ಟು ಹಾಯುವ ನಡುವಿನ ಕೊಳವೆಗೆ ಎರಡೂ ಬದಿ ಆನಿಕೆ ಕೊಟ್ಟರು. ಉಳಿದ ಸಂದಿಗೆಲ್ಲ ಕಾರಿನ ಮುಂದಿನ ಗಾಜು ಕೂರಿಸುವ ಕಪ್ಪು ಅಂಟು. ಬಳೆಗಳನ್ನಿಟ್ಟ ಹಲಗೆಗೆ ಅದು ಕಚ್ಚದಿರಲೆಂದು ನಾನು ಕುಸುಬಿ ಎಣ್ಣೆ ಸವರಿ ಕೊಟ್ಟೆ. ಒಮ್ಮೆಲೇ ತುಂಬಿದರೆ ಒಳಗೆ ಹಸಿ ಉಳಿಯುತ್ತದೆಂದು ಅಪ್ಪ ಒಂದು ಪದರ ಹಾಕಿ, ಅದು ಗಟ್ಟಿಯಾದ ಮೇಲೆ ಮತ್ತೊಂದು ಹಾಕಿದರು. ಹಾಗಾಗಿ ದಿನಗಳು ಹಿಡಿದವು. ಆಯಿ ಕೋಲೂರಿಕೊಂಡು ಬಂದು, ಹಪ್ಪಳ ಒಣಗಿತೇ ಎಂದು ನೋಡುವವಳಂತೆ ಬೆರಳೊತ್ತಿ ನೋಡುತ್ತಿದ್ದಳು.

"ಮುಟ್ಟಬ್ಯಾಡ ಯವ್ವಾ, ನಿನ್ನ ಬಟ್ಟು ಮೂಡತಾವ" ಎಂದರು ಅಪ್ಪ.

"ಮೂಡ್ಲಿ ಬಿಡೋ. ನಿನ್ನ ಎಂಜಿನ್ನು ನನ್ನ ಬಟ್ಟಿನ ಮ್ಯಾಲರ ಸುಮ್ಮ ಕುಂಡರ್ಲಿ."

ರವಿವಾರ ಸಂಜೆ ಎಲ್ಲ ಜೋಡಿಸಿ ಮುಗಿಯಿತು. ಅಪ್ಪ ಕಾರು ಚಾಲೂ ಮಾಡಿ, ಬಾನೆಟ್ಟಿನ ಮೇಲೆ ತುಂಬಿದ ತಂಬಿಗೆ ಇಟ್ಟರು. ನೀರಿನ ಮೇಲೆ ಸಣ್ಣ ಗೆರೆಗಳು ಎದ್ದವು, ಒಂದು ಹನಿಯೂ ಚೆಲ್ಲಲಿಲ್ಲ. ಆಯಿ ಹಿಂದಿನ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿದಳು. ನೋವಿಲ್ಲವೆಂದಳು. ಸೋಮವಾರ ಬಿಟ್ಟು ಮಂಗಳವಾರ ನಸುಕಿಗೆ ಹೊರಡುವುದೆಂದು ತಾಯಿ ಮಗ ಮಾತಾಡಿಕೊಂಡರು. ಆಯಿ ಅಕ್ಕನಿಗೆಂದು ಶೇಂಗಾ ಹೋಳಿಗೆ ಮಾಡಿಸಿದಳು.

ಸೋಮವಾರ ಬೆಳಿಗ್ಗೆ ನೀಲವ್ವನ ಮಗ ಮಹಾದೇವಣ್ಣನ ಫೋನು ಬಂತು. ರಾತ್ರಿಯಿಂದ ಗಂಜಿ ಇಳಿದಿಲ್ಲ, ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದೆ, ತಂಗಿಯ ಗದ್ದ ಹುಡುಕಿದ ಹಾಗೆ ಕಾಣುತ್ತದೆ ಎಂದ. ಅಪ್ಪ ಫೋನು ಇಟ್ಟು, ಹೇಳಿದ್ದನ್ನೆಲ್ಲ ಆಯಿಗೆ ಹೇಳಿದರು. ಅಪ್ಪ ಆಯಿಯ ಮುಖ ನೋಡಿದರು. ಆಯಿ ಅಪ್ಪನ ಮುಖ ನೋಡಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಜಗಲಿಯ ಮೇಲಿನ ಕೀಲಿಕೈ ಮೂವರಿಗೂ ಕಾಣುತ್ತಿತ್ತು.

"ಹೋಗೂಣೇನ್ರಿ ಅಪ್ಪಾ?" ಎಂದೆ.

"ನಾಳೆ ನಸುಕಿನ್ಯಾಗ ಹೊಂಡೂಣು" ಎಂದರು, ಆಯಿಯನ್ನೇ ನೋಡುತ್ತ.

ಆಯಿ ಹೂಂ ಎಂದಳು. ಹೋಳಿಗೆಯ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿದಳು.

ಮಧ್ಯಾಹ್ನ ಮತ್ತೆ ಫೋನು. ಆಚೆ ಹೆಂಗಸರು ಅಳುವುದು ಕೇಳಿತು. ಅಪ್ಪ ಯಾರನ್ನೂ ಕೇಳದೆ ಕೀಲಿಕೈ ತೆಗೆದುಕೊಂಡರು. ಬೆಳಿಗ್ಗೆ ಬಾನೆಟ್ಟಿಗೆ ಹಚ್ಚಿದ ವಿಭೂತಿ ಕಟಕೋಳ ಬರುವಷ್ಟರಲ್ಲಿ ಗಾಳಿಗೆ ಅಳಿಸಿತು. ರಾಮದುರ್ಗದ ಆಚೆ ರಸ್ತೆ ಕೆಟ್ಟಿತ್ತು. ಕಾರು ಏಳುತ್ತಿತ್ತು, ಇಳಿಯುತ್ತಿತ್ತು, ಆದರೆ ನಡುಗುತ್ತಿರಲಿಲ್ಲ. ಅದು ನಡುಗಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ. ಆಗ ಬರಲಾಗದ್ದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು.

ನೀಲವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆತುಂಬ ವಿಭೂತಿ. ಆಯಿ ಎದುರಿಗೆ ಕುಳಿತು ಅಕ್ಕನ ಕೈ ಎತ್ತಿ ತನ್ನ ಗದ್ದಕ್ಕೆ ಹಿಡಿದುಕೊಂಡಳು. ಏನೋ ಹೇಳಿದಳು. ತುಟಿ ಆಡಿದ್ದು ಕಂಡಿತು, ಮಾತು ಯಾರಿಗೂ ಕೇಳಲಿಲ್ಲ.

ಮರುದಿನ ಮಣ್ಣು ಮಾಡಿ, ಮೇಲೆ ಬಿಲ್ವಪತ್ರಿ ಹಾಕಿ, ತಿರುಗಿ ಬರುವಾಗ ಆಯಿ ಅಂದಳು: "ಗಾಡಿ ಛಲೋ ಮಾಡೀದಿ ನಿಜಗುಣಾ. ಸ್ವಂಟಾ ನೂಸಲಿಲ್ಲ."

ಅಪ್ಪ ಕಾರನ್ನು ಬೇವಿನ ಮರದ ನೆರಳಿಗೆ ನಿಲ್ಲಿಸಿದರು. ಎಂಜಿನ್ ಬಂದ್ ಮಾಡಲಿಲ್ಲ.

"ನಿನ್ನೆ ಮುಂಜಾನೆ ನೀ ಹೊಂಡು ಅಂದಿದ್ರ ಹೊಂಟಬಿಡ್ತಿದ್ನೆವ್ವಾ. ನೀ ಕಲಿಸಿದ ನೇಮ, ನೀನ ಬಿಡಸ್ತಿ ಅಂತ ಕಾದೆ."

"ನೀ ಹೊಂಡೂಣು ಅಂದಿದ್ರ ನಾ ಬ್ಯಾಡ ಅಂತಿದ್ದಿಲ್ಲೋ" ಎಂದಳು ಆಯಿ. "ಇಷ್ಟು ವರ್ಷ ನಡಿಸ್ಕೊಂಡು ಬಂದಿ. ನಾನಾಗಿ ಹೆಂಗ ಮುರೀಲಿ ಅಂತ ಸುಮ್ಮ ಕುಂತೆ."

ಬಿಚ್ಚದ ಹೋಳಿಗೆಯ ಡಬ್ಬಿ ನನ್ನ ಮಡಿಲಲ್ಲಿತ್ತು. ನಾನು ಕಿಟಕಿಯ ಆಚೆ ನೋಡಿದೆ.

ಮುಂದಿನ ಸೋಮವಾರ ಅಪ್ಪ ಕಾರು ಒರೆಸಿದರು, ವಿಭೂತಿ ಹಚ್ಚಲಿಲ್ಲ. ಒಳಗೆ ಬಂದು ಕೀಲಿಕೈಯನ್ನು ಜಗಲಿಯ ಮೇಲಿಡದೆ ಆಯಿಯ ಅಂಗೈಯಲ್ಲಿಟ್ಟರು. ಆಯಿ ಅದನ್ನು ತಿರುವಿ ಮುರುವಿ ನೋಡಿದಳು. ಆಮೇಲೆ ಕೋಲೂರಿ ಎದ್ದು, ತಾನೇ ಹೋಗಿ ಜಗಲಿಯ ಮೇಲೆ ಇಟ್ಟಳು.

"ಇನ್ನ ಎಲ್ಲಿಗೆ ಹೋಗೂದೈತಿ ನಂದು?" ಎಂದಳು.