ಎಪ್ಪತ್ತು ಡಾಲರಿನ ಉಕುಲೇಲೆ

ಅಣ್ಣ ಪೆಲೆಕೆ ತೀರಿಕೊಂಡ ಸುದ್ದಿ ಮಂಗಳವಾರ ಬೆಳಿಗ್ಗೆ ಬಂತು. ಆಸ್ಪತ್ರೆಯಿಂದ ಫೋನು ಬಂದಾಗ ನಾನು ಅವನಿಗೆಂದೇ ಕೆಸುವಿನ ಗೆಡ್ಡೆಯ ಪೋಯಿ ಕಲಸುತ್ತಿದ್ದೆ. ಕೈ ಕೂಡ ತೊಳೆಯದೆ ಅಲ್ಲೇ ಕುಳಿತುಬಿಟ್ಟೆ.

ತನ್ನ ಉಕುಲೇಲೆಯನ್ನು ತನ್ನ ಜೊತೆಗೇ ಮಣ್ಣು ಮಾಡಬೇಕೆಂದು ಅವನು ಮೊದಲೇ ಹೇಳಿದ್ದ. ನನ್ನ ಮೊಮ್ಮಗಳು ನೋಹೆಆ ಅವನಿಂದ ಪಾಠ ಕಲಿಯುತ್ತಿದ್ದದ್ದು ಅದರಲ್ಲೇ. ಶನಿವಾರ ಚರ್ಚಿನಲ್ಲಿ ಅಂತ್ಯಕ್ರಿಯೆಯ ಹೊತ್ತಿಗೆ ದೊಡ್ಡಜ್ಜನಿಗೆ ಸ್ತೋತ್ರವನ್ನು ತಾನೇ ನುಡಿಸಬೇಕೆಂದು ಅವಳು ಹಠ ಹಿಡಿದಳು. ಅಷ್ಟರಲ್ಲಿ ಅವನ ವಾದ್ಯ ಶವಪೆಟ್ಟಿಗೆ ಸೇರಿರುತ್ತಿತ್ತು; ಬೇರೊಂದು ಬೇಕಾಯಿತು, ಹಣ ಹೆಚ್ಚಿರಲಿಲ್ಲ.

ಬುಧವಾರ ಹಿಲೋ ಪೇಟೆಯಲ್ಲಿ ಶಿಗೆರುವಿನ ವಾದ್ಯದಂಗಡಿಗೆ ಹೋದೆವು. ಅಗ್ಗದ ವಾದ್ಯಗಳಲ್ಲಿ ಒಂದು ನಮ್ಮ ದ್ವೀಪದ ದುಬಾರಿ ಕೋಆ ಮರದ ಹಾಗೆ ಮಿರುಗುತ್ತಿತ್ತು. ನಾನು ಅದರ ಬಾಯಿಯೊಳಗೆ ಇಣುಕಿದೆ. ಹೊರಗಿನ ಮರದ ಗೆರೆಗಳಿಗೂ ಒಳಗಿನ ಗೆರೆಗಳಿಗೂ ಹೊಂದಿಕೆಯಿರಲಿಲ್ಲ. ಕೋಆ ಬರೀ ಮೇಲ್ಪದರವೆಂದು ಶಿಗೆರುವಿನ ಮುಖಕ್ಕೇ ಹೇಳಿದೆ.

“ಪೂರ್ತಿ ಕೋಆ ಅಂತ ನಾನ್ಯಾವಾಗ ಅಂದೆ ಆಂಟಿ? ಅದು ಬೇಕಂದ್ರೆ ನಿಮ್ಮ ಟ್ರಕ್ ಮಾರ್ಬೇಕಾಗತ್ತೆ.”

ಅವನೇ ಎಪ್ಪತ್ತು ಡಾಲರಿನ ಬಡಕಲು ವಾದ್ಯವೊಂದನ್ನು ಕೆಳಗಿಳಿಸಿದ. ಖರ್ಚಾಗದ ಮಾಲನ್ನು ನಮಗೆ ದಾಟಿಸುತ್ತಿದ್ದಾನೆ ಎನಿಸಿತು. ತಂತಿ ಬಿಗಿಯುವ ಕಿವಿಗಳನ್ನು ತಿರುಗಿಸಿ ನೋಡಿದೆ, ವಾದ್ಯದ ಕುತ್ತಿಗೆಯ ಒಂದೊಂದು ಮೆಟ್ಟಿಲಲ್ಲೂ ತಂತಿ ಒತ್ತಿ ಎಲ್ಲಾದರೂ ಗುಂಯ್‌ಗುಡುವುದೇ ಎಂದು ಕೇಳಿದೆ. ಒಂದು ದೋಷವೂ ಸಿಗಲಿಲ್ಲ. ಅದೇ ನನ್ನ ಅನುಮಾನವನ್ನು ಹೆಚ್ಚಿಸಿತು. ಆದರೆ ತಂತಿಗಳು ಮೆಟ್ಟಿಲಿಗೆ ಹತ್ತಿರ, ತಗ್ಗಿನಲ್ಲಿದ್ದವು. ಬೆರಳು ನೋಯಲ್ಲ ತೂತೂ, ಎಂದು ಮಗು ಈ ಅಜ್ಜಿಯ ತೋಳು ಜಗ್ಗಿತು. ಕೊಂಡೆ.

ಮನೆಗೆ ಬರುವಷ್ಟರಲ್ಲಿ ಶ್ರುತಿ ಇಳಿದಿತ್ತು. ಸರಿಮಾಡಿದೆ. ಅರ್ಧ ಗಂಟೆಯಲ್ಲಿ ಮತ್ತೆ ಇಳಿಯಿತು. ಗುರುವಾರ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ.

“ಸಾವಿನ ಮನೆಯವರಿಗೂ ಮೋಸ ಮಾಡ್ತೀಯೇನೋ?”

ಶಿಗೆರು ಒಂದೊಂದೇ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೆಳೆದು, ಶ್ರುತಿ ಮಾಡಿ, ಮತ್ತೆ ಎಳೆದ. “ಹೊಸ ತಂತಿ ಆಂಟಿ, ಹಿಗ್ಗತ್ತೆ. ನಾಲ್ಕೈದು ದಿನ ಹೀಗೇ ಮಾಡ್ತಿರಿ, ಆಮೇಲೆ ನಿಲ್ಲತ್ತೆ. ಪೆಲೆಕೆ ಅಂಕಲ್ ತಂಗಿ ನೀವು, ಇಷ್ಟೂ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಅರವತ್ತು ವರ್ಷ ನಮ್ಮ ಮನೆಯಲ್ಲಿ ತಂತಿ ಬದಲಿಸಿದವನು ಅಣ್ಣನೊಬ್ಬನೇ. ಹಿಗ್ಗುವುದೆಲ್ಲ ಹಿಗ್ಗಿ, ಶ್ರುತಿ ನಿಂತ ಮೇಲೆಯೇ ಅವನು ನನ್ನ ಕೈಗೆ ಕೊಡುತ್ತಿದ್ದ. ನಾನು ಅಂಗಡಿಯವನ ಮುಂದೆಯೇ ಅತ್ತೆ.

ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಎರಡು ದಿನ ತಾಸಿಗೊಮ್ಮೆ ಎಳೆದು ಪರೀಕ್ಷಿಸಿದೆವು. ಶನಿವಾರ ಸ್ತೋತ್ರದ ನಡುವೆ ಒಂದು ತಂತಿ ತುಸು ಇಳಿಯಿತು. ನೋಹೆಆ ನಿಲ್ಲಿಸಿ, ಕಿವಿ ತಿರುಗಿಸಿ, ಬಿಟ್ಟಲ್ಲಿಂದ ಮುಂದುವರಿಸಿದಳು. ಅಷ್ಟು ಹೊತ್ತು ಇಡೀ ಚರ್ಚು ಅವಳಿಗಾಗಿ ಕಾದಿತ್ತು.

ಕರ್ತನೇ, ನನ್ನ ಅಣ್ಣ ದಣಿದು ಬಂದಿದ್ದಾನೆ. ಅವನನ್ನು ನಿನ್ನ ಬಳಿ ಇರಿಸಿಕೋ, ಅವನ ಆತ್ಮಕ್ಕೆ ಶಾಂತಿ ಕೊಡು. ಆಮೆನ್.