ಅಂಗಾಲಿಗೆ ಗೊತ್ತಿದ್ದ ಕಲೆಗಳು

ಆ ಅಡುಗೆಮನೆಯ ಟೈಲ್ಸ್ ಯಾವ ಬಣ್ಣದ್ದು ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿರಲಿಲ್ಲ. ಗಂಡ ಇಟ್ಟಿಗೆ ಕೆಂಪು ಎನ್ನುತ್ತಿದ್ದ, ಸೊಸೆ ಕಂದು ಎನ್ನುತ್ತಿದ್ದಳು. ನೆಲಕ್ಕೆ ಬಣ್ಣ ಯಾಕೆ ಬೇಕು ಎಂದು ಅತ್ತೆ ಮೂಗು ಮುರಿಯುತ್ತಿದ್ದರು. ಜಿಡ್ಡು ಎಷ್ಟು ದಪ್ಪವಾಗಿತ್ತೆಂದರೆ, ಒಮ್ಮೆ ಒಳಗೆ ಬಂದ ಇರುವೆಯೊಂದು ದಾಟಲಾರದೆ ನಡುದಾರಿಯಲ್ಲೇ ಸಂಸಾರ ಹೂಡಿತ್ತು.

ಕೊನೆಗೆ ಸೊಸೆ ಟೈಲ್ಸ್ ತೊಳೆಯುವವನನ್ನು ಕರೆಸಿದಳು. ಅವನ ಅಡ್ಡಹೆಸರು ಗುಡುಗು. ಪಕ್ಕದಲ್ಲಿ ನಿಂತರೂ ಕೇಳಿಸದಷ್ಟು ಮೆತ್ತಗೆ ಮಾತಾಡುತ್ತಿದ್ದುದಕ್ಕೆ ಬಂದದ್ದು. ಅವನು ಆಸಿಡ್ ಬೆರೆಸಿದ ನೀರು ಸುರಿದು, ಮಂಡಿಯೂರಿ, ಸಂದುಸಂದನ್ನೂ ಬ್ರಶ್ಶಿನಿಂದ ಉಜ್ಜಿ, ಗಟ್ಟಿಯಾಗಿ ಕೂತಿದ್ದನ್ನೆಲ್ಲ ಬ್ಲೇಡಿನಿಂದ ಎಬ್ಬಿಸಿದ. ತೊಳೆದು ಒಣಗಿದ ಮೇಲೆ ನೋಡಿದರೆ ಗಂಡ ಹೇಳಿದ್ದೇ ನಿಜ. ಸೊಸೆಗೆ ಅದೊಂದೇ ಬೇಸರ. ಇನ್ನು ಸೀಲರ್ ಬಳಿದುಬಿಟ್ಟರೆ ಎಣ್ಣೆ ಬಿದ್ದರೂ ಒಳಗೆ ಇಳಿಯುವುದಿಲ್ಲ ಎಂದು ಗುಡುಗು ಪಿಸುಗುಟ್ಟಿದ.

ಅಷ್ಟರಲ್ಲಿ ಅತ್ತೆ ಟೀ ಕಾಯಿಸಲು ಬಂದರು. ಹೊಸ್ತಿಲು ದಾಟಿ ಬರಿಗಾಲು ಊರಿದರು. ಏನನ್ನೋ ಹುಡುಕುವ ಹಾಗೆ ಅಂಗಾಲನ್ನು ಅತ್ತಿತ್ತ ಸವರಿದರು. ಒಲೆ ಬಲಗಡೆಗಿತ್ತು, ಅವರ ಕೈ ಎಡಕ್ಕೆ, ಗೋಡೆಯತ್ತ ಚಾಚಿತು. "ಆಮೇಲೆ ಕುಡಿದರಾಯ್ತು ಬಿಡು," ಎಂದು ಹಿಂದಕ್ಕೆ ಸರಿದರು.

ಅತ್ತೆಗೆ ಒಲೆ ಕಾಣುತ್ತಿಲ್ಲವೆಂದು ಸೊಸೆಗೆ ಆಗ ಹೊಳೆಯಿತು. ಅತ್ತೆಯ ಕಿವಿ ಎಂಥದೆಂದರೆ, ಉಕ್ಕಬೇಕೆಂದು ಹಾಲು ಮನಸ್ಸು ಮಾಡುವಾಗಲೇ ಅವರಿಗೆ ಕೇಳಿಸುತ್ತಿತ್ತು. ಹಾಗಾಗಿ ಅವರ ಕಣ್ಣು ಎಷ್ಟು ಮಂದವಾಗಿದೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ದೃಷ್ಟಿ ಮಂಜಾಗುತ್ತಿದೆ ಎಂದು ಡಾಕ್ಟರು ಹೇಳಿದ ದಿನವೇ ಗಂಡ ತೀರ್ಮಾನ ಮಾಡಿದ್ದ: ಕಾಣದೆ ಹೋದರೆ ಅಮ್ಮ ಒಲೆ ಮುಟ್ಟುವ ಹಾಗಿಲ್ಲ. ಅಂದಿನಿಂದ ಅತ್ತೆ ಎಲ್ಲ ಚೆನ್ನಾಗಿ ಕಾಣುತ್ತದೆ ಎನ್ನುತ್ತಲೇ ಬಂದಿದ್ದರು. ಇಷ್ಟು ದಿನ ಅವರನ್ನು ಒಲೆಯವರೆಗೆ ಕರೆದೊಯ್ದದ್ದು ನೆಲದ ಗಟ್ಟಿ ಕಲೆಗಳನ್ನು ಗುರುತಿಸುತ್ತಿದ್ದ ಅಂಗಾಲು. ಆ ದಾರಿಯನ್ನೇ ಸೊಸೆ ಕೆರೆಸಿ ಬಕೆಟ್ಟಿಗೆ ತುಂಬಿಸಿದ್ದಳು.

ಮತ್ತೆ ಒರಟು ಮಾಡಲು ಆಗುತ್ತದೆಯೇ ಎಂದು ಗುಡುಗನ್ನು ಕೇಳಿದಳು. ಸೀಲರಿಗೆ ಸಣ್ಣ ಮರಳು ಬೆರೆಸಿದರೆ ಆ ಜಾಗ ತರಿತರಿಯಾಗುತ್ತದೆ, ಕಾಲು ಜಾರುವ ಕಡೆ ಹಾಗೆ ಮಾಡುವುದುಂಟು ಎಂದ. ಆದರೆ ಎಲ್ಲಿ? ಮದುವೆಯಾಗಿ ಬಂದಾಗಿನಿಂದ ಶಪಿಸಿಕೊಂಡೇ ಗುಡಿಸಿದ ಕಲೆಗಳಲ್ಲಿ ಒಂದರ ಜಾಗವೂ ಅವಳಿಗೆ ನೆನಪಿರಲಿಲ್ಲ.

ಅತ್ತೆಯ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತಳು.

"ಅತ್ತೆ, ಕಾಲು ಜಾರದ ಹಾಗೆ ಅಲ್ಲಲ್ಲಿ ಮರಳು ಹಾಕ್ತಾನಂತೆ. ಹೊಸ ನೆಲ, ನಾನೇ ಬಿದ್ದುಬಿಟ್ರೆ ಕಷ್ಟ. ಎಲ್ಲೆಲ್ಲಿ ಹಾಕಿಸ್ಲಿ, ನೀವೇ ಹೇಳಿ."

ಅತ್ತೆ ಮಂಚದಿಂದ ಕಾಲು ಕೆಳಗಿಳಿಸಿದರು.

"ನೀನು ಬೀಳೋಳೇ ಬಿಡು, ನೆಲ ಹಳೇದಾದ್ರೇನು ಹೊಸದಾದ್ರೇನು," ಎಂದರು. ಆಮೇಲೆ ಎದ್ದು, ಮೊದಲ ಸಲ ಸೊಸೆಯ ಭುಜ ಹಿಡಿದು ನಡೆದರು.

ಹೊಸ್ತಿಲು ದಾಟಿದ ಕೂಡಲೇ ಹಾಲು, ಮಗ ಹುಟ್ಟಿದ ವರ್ಷ ಉಕ್ಕಿದ್ದು. ಬಲಕ್ಕೆ ತಿರುಗುವಲ್ಲಿ ಸಕ್ಕರೆ ಪಾಕ, ಮಾವ ಅಡುಗೆ ಮಾಡುತ್ತೇನೆಂದು ಹೊರಟ ಒಂದೇ ಒಂದು ದಿನದ್ದು. ಕಿಟಕಿ ಕೆಳಗೆ ಮೇಣ, ಕರೆಂಟು ಇಲ್ಲದೆ ಕಳೆದ ಬೇಸಿಗೆಯದು. ಒಲೆಯ ಮುಂದೆ ಎಣ್ಣೆ, ಮಾವ ಹೋದರೆಂಬ ಸುದ್ದಿ ಬಂದಾಗ ಕೈಜಾರಿದ್ದು. ಅಲ್ಲಿಗೆ ಅತ್ತೆ ನಿಲ್ಲಿಸಿದರು. ಸೀಮೆಸುಣ್ಣದಿಂದ ಗುರುತು ಮಾಡುತ್ತಿದ್ದ ಗುಡುಗು ಕೊನೆಯದರ ಸುತ್ತ ನಿಧಾನವಾಗಿ ಗೆರೆ ಎಳೆದ.

ಸೀಲರ್ ಒಣಗಿದ ಬೆಳಿಗ್ಗೆ ಗಂಡ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಟೀಗಾಗಿ ಕಾಯುತ್ತಿದ್ದ. ಸೊಸೆ ಪಕ್ಕಕ್ಕೆ ಸರಿದು ನಿಂತಳು. ಅತ್ತೆ ಹೊಸ್ತಿಲು ದಾಟಿದರು. ಹಾಲಿನ ಮೇಲೆ ಕಾಲಿಟ್ಟರು, ಪಾಕದ ಹತ್ತಿರ ತಿರುಗಿದರು, ಎಣ್ಣೆಯ ಮೇಲೆ ಎರಡೂ ಪಾದ ಊರಿ ಒಲೆ ಹಚ್ಚಿದರು.

ನೆಲ ಹೇಗಾಗಿದೆ ಎಂದು ಮಗ ಕೇಳಿದ.

"ಕಾಣ್ತಿದೆಯಲ್ಲೋ, ಇಟ್ಟಿಗೆ ಕೆಂಪು. ನೀನು ಹೇಳಿದ್ದೇ ಸರಿ," ಎಂದರು ಅತ್ತೆ.

ಅವನು ಖುಷಿಯಾಗಿ ಟೀ ಕುಡಿದು ಕೆಲಸಕ್ಕೆ ಹೋದ. ಬಾಗಿಲು ಹಾಕಿದ ಸದ್ದಾದ ಮೇಲೆ ಅತ್ತೆ, ಗುಡುಗಿಗಿಂತ ಮೆತ್ತಗೆ, ಸೊಸೆಗೆ ಹೇಳಿದರು:

"ಮೇಣದ್ದು ಒಂದು ಗೇಣು ಈಚೆ ಬಂದಿದೆ ಕಣೇ. ಆ ಗುಡುಗನ್ನ ಇನ್ನೊಂದ್ಸಲ ಕರೆಸು."